ಪಾಪಘ್ನಿಯ ಕಲ್ಲಿನಲ್ಲಿ ಕಡಲ ವಸತಿ

ಚಿಕ್ಕಬಳ್ಳಾಪುರದ ದ್ರಾಕ್ಷಿತೋಟಗಳಲ್ಲಿ ಚಪ್ಪರವನ್ನು ಹೊತ್ತು ನಿಂತಿರುವ ಕಲ್ಲುಕಂಬಗಳನ್ನಾಗಲಿ, ಚಿಂತಾಮಣಿಯ ಸುತ್ತಣ ಬೋಳುಗುಡ್ಡಗಳ ಹೆಬ್ಬಂಡೆಗಳನ್ನಾಗಲಿ ಎಷ್ಟು ಒಡೆದು ನೋಡಿದರೂ ಅವುಗಳೊಳಗೆ ಶಂಖದ ಗುರುತಾಗಲಿ ಎಲೆಯ ಅಚ್ಚಾಗಲಿ ದೊರೆಯಲಾರದು. ಕ್ವಾರಿಯಲ್ಲಿ ಸೈಜುಗಲ್ಲು ಬಿಡಿಸುವಾಗ ಬಿರುಕಿನ ಮೈಮೇಲೆ ಒಮ್ಮೊಮ್ಮೆ ಕಾಣಿಸುವ ಕರಿಯ ಜರಿಗಿಡದಂಥ ಚಿತ್ರವನ್ನು ಕಂಡು ಇದು ಕಲ್ಲಾದ ಗಿಡವೆಂದು ಹಿಗ್ಗುವವರುಂಟು. ಅದು ಬಿರುಕಿನೊಳಗೆ ಸರಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕವಲುಗೆರೆಯೇ ಹೊರತು ಸಸ್ಯವಲ್ಲ. ನಂದಿಯ ಶಿಲೆಯಾದರೋ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿ ಕುದಿದ ದ್ರವ್ಯವು ಆರಿ ಗಟ್ಟಿಯಾದದ್ದು. ಅಂಥ ಕಾವಿನಲ್ಲಿ ಜೀವಿಯ ಗುರುತು ಉಳಿಯುವ ಮಾತೆಲ್ಲಿಯದು? ದೂರದೇಶಗಳ ಕಂಪನವನ್ನು ಆಲಿಸುವ ಯಂತ್ರಗಳ ಸಾಲನ್ನು 1965ರಲ್ಲಿ ಗೌರಿಬಿದನೂರಿನಲ್ಲಿ ನೆಲೆಗೊಳಿಸಿದ್ದು ಇಂಥದೇ ಪ್ರಾಚೀನ ದೃಢಶಿಲೆಯ ಮೇಲೆ.

ಆದರೂ ಪುರಾತನ ಸಮುದ್ರದ ಜೀವವಸತಿಗಳನ್ನು ಕಾಣಬೇಕೆಂಬ ನಮ್ಮ ಸೀಮೆಯವನಿಗೆ ದಾರಿ ತೋರಿಸಲು ನಮ್ಮ ನದಿಗಳೇ ಇವೆ. ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ ಮತ್ತು ಜನ ಪಾಪಾಗ್ನಿಯೆಂದು ಕರೆಯುವ ಪಾಪಘ್ನಿ, ಈ ಮೂರೂ ಆಂಧ್ರಕ್ಕೆ ಇಳಿದು ಕಡಪದ ಸೀಮೆಯಲ್ಲಿ ಒಂದಾಗುತ್ತವೆ. 1872ರಲ್ಲಿ ಕಡಪ ಕರ್ನೂಲುಗಳ ಶಿಲೆಗಳನ್ನು ಕುರಿತು ಬೃಹದ್ವರದಿಯನ್ನು ಪ್ರಕಟಿಸಿದ ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ಅಲ್ಲಿಯ ಅತ್ಯಂತ ಕೆಳಗಿನ ಸ್ತರಸಮೂಹಕ್ಕೆ ಪಾಪಘ್ನಿಯ ಹೆಸರನ್ನೇ ಇಟ್ಟನು. ಅದರ ಮೇಲಿನ ಒಂದು ಸಮೂಹಕ್ಕೆ ಚಿತ್ರಾವತಿಯ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನದಿಗಳು ನಿನ್ನೆ ಮೊನ್ನೆಯವು, ಶಿಲೆಗಳು ಅನಾದಿಯವು. ಆದರೂ ನಮ್ಮ ಊರಹಳ್ಳದ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಒಂದು ಸ್ತರಸಮೂಹದ ಹೆಸರಾಗಿ ನಿಂತಿರುವುದನ್ನು ನೆನೆದಾಗ ನನಗೆ ಪುಳಕವಾಗುತ್ತದೆ.

ಆಂಜನೇಯನ ಕ್ಷೇತ್ರವಾದ ಗಂಡಿಯಲ್ಲಿ ಬೆಟ್ಟವನ್ನು ಸೀಳಿಕೊಂಡು ಬರುವ ಪಾಪಘ್ನಿಯು ವೇಂಪಲ್ಲೆಯೆಂಬ ಊರನ್ನು ಮುಟ್ಟುತ್ತದೆ. ಆ ಸೀಮೆಯಲ್ಲಿ ನಮ್ಮ ಬಂಡೆಗಳ ಜಾತಿಯವೇ ಆದ ಪ್ರಾಚೀನ ಶಿಲೆಗಳು ನೆಲದೊಳಕ್ಕೆ ಇಳಿದುಹೋಗಿವೆ. ಅವುಗಳ ಮೇಲೆ ಮರಳಿನ ಸ್ತರಗಳೂ, ಅವಕ್ಕೂ ಮೇಲೆ ವೇಂಪಲ್ಲೆಯ ಡೋಲಮೈಟೆಂಬ ಸುಣ್ಣಗಲ್ಲಿನ ಸ್ತರಗಳೂ ಹಾಸಿಕೊಂಡಿವೆ. ಇದರ ಮೇಲಣ ತಾಡಿಪತ್ರಿ ಸ್ತರಗಳೊಳಕ್ಕೆ ನುಗ್ಗಿದ ಅಗ್ನಿಶಿಲೆಯೊಂದರ ವಯಸ್ಸು ಸುಮಾರು 188 ಕೋಟಿ ವರ್ಷವೆಂದು ಅಳೆದಿರುವುದರಿಂದ ವೇಂಪಲ್ಲೆಯ ಕಲ್ಲು ಅದಕ್ಕಿಂತಲೂ ಹಿರಿದು. ಬಿಸಿಲು ಮಳೆಗೆ ಸವೆದು ಆನೆಯ ಚರ್ಮದಂತೆ ಸುಕ್ಕುಗಟ್ಟಿರುವ ಆ ಬೂದುಬಣ್ಣದ ಬಂಡೆಯ ಮೇಲೆ ಈರುಳ್ಳಿಯನ್ನು ಅಡ್ಡಲಾಗಿ ಕೊಯ್ದಂತೆ ಸುತ್ತುಸುತ್ತಾದ ಗೆರೆಗಳು ಕಾಣಿಸುತ್ತವೆ. ಬಂಡೆಯ ಪಕ್ಕವನ್ನು ನೋಡಿದರೆ ಅದೇ ಗೆರೆಗಳು ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳಂತೆ ಮೇಲೆದ್ದಿರುತ್ತವೆ. ಇವೇ ಸ್ಟ್ರೊಮಟೊಲೈಟುಗಳು, ಈ ಹೆಸರನ್ನು 1908ರಲ್ಲಿ ಕೊಟ್ಟವನು ಜರ್ಮನಿಯ ಕಾಲ್ಕೋವ್ಸ್ಕಿ.

ಇದು ಒಂದು ಪ್ರಾಣಿಯ ಚಿಪ್ಪಲ್ಲ, ಅಸ್ಥಿಯಲ್ಲ. ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ತಲೆತಲಾಂತರವಾಗಿ ಕಟ್ಟಿದ ವಸತಿ. ಆಳವಿಲ್ಲದ ಕಡಲಿನ ತಳದಲ್ಲಿ ನೀಲಿಹಸುರು ಬಣ್ಣದ ಅಂಟುಹಾಸೊಂದು ಹಬ್ಬುತ್ತದೆ; ತೆರೆಗಳು ತಂದ ಸುಣ್ಣದ ಕಣಗಳು ಆ ಅಂಟಿಗೆ ಹತ್ತಿಕೊಳ್ಳುತ್ತವೆ, ಜೀವಿಗಳ ದ್ಯುತಿಸಂಶ್ಲೇಷಣೆಯಿಂದಲೇ ಸ್ವಲ್ಪ ಸುಣ್ಣ ನೀರಿನಿಂದ ಬೇರ್ಪಟ್ಟು ಕೂಡುತ್ತದೆ; ಹೂತುಹೋಗುವ ಜೀವಿಗಳು ಬೆಳಕನ್ನರಸಿ ಆ ಕೆಸರನ್ನು ದಾಟಿ ಮೇಲೆ ಸರಿದು ಹೊಸ ಹಾಸನ್ನು ನೇಯುತ್ತವೆ. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಜೀವಂತವಾಗಿರುವ ಇಂಥ ವಸತಿಗಳು ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ಎತ್ತರವಾಗುವುದಿಲ್ಲ. ಈ ಸೂಕ್ಷ್ಮಜೀವಿಗಳ ಪೂರ್ವಕುಲವೇ ಭೂಮಿಯ ವಾಯುವಿಗೆ ಆಮ್ಲಜನಕವನ್ನು ತುಂಬಿತು. ನಾವೀಗ ಎಳೆದುಕೊಳ್ಳುವ ಉಸಿರು ಅವುಗಳ ಋಣ. ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿಯೂ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೂ ಕಡಪದವಕ್ಕಿಂತ ಬಹು ಹಿಂದಿನ ಸ್ಟ್ರೊಮಟೊಲೈಟುಗಳಿವೆ. ಚಿಂತಾಮಣಿ, ಶಿಡ್ಲಘಟ್ಟಗಳ ಅಡುಗೆಮನೆಯ ಕಟ್ಟೆಗೆ ಹಾಸುವ ಕರಿಯ ಕಡಪ ಕಲ್ಲೂ ಕಡಲ ತಳದ ಸುಣ್ಣದ ಕೆಸರೇ. ಅದು ಮಾತ್ರ ವೇಂಪಲ್ಲೆಯ ಶಿಲೆಗಿಂತ ಎಷ್ಟೋ ಕಾಲ ಈಚಿನದು.

ಇನ್ನು ಸಂಗ್ರಹದ ವಿಷಯ. ಈ ಕಾರ್ಯದಲ್ಲಿ ಸುತ್ತಿಗೆಗಿಂತ ಸೀಸದ ಕಡ್ಡಿಗೇ ಮೊದಲ ಸ್ಥಾನ. ಬಂಡೆಯಿಂದ ಒಂದು ತುಂಡನ್ನು ಬೇರ್ಪಡಿಸುವುದಕ್ಕೆ ಮುಂಚೆ ಅದರ ಮೈಮೇಲೆ ಮೇಲ್ಮುಖವನ್ನು ಸೂಚಿಸುವ ಬಾಣವನ್ನೂ ಉತ್ತರ ದಿಕ್ಕಿನ ಗೆರೆಯನ್ನೂ ಬರೆಯಬೇಕು. ಸ್ತರದ ವಾಟವನ್ನು ಅಳೆಯಬೇಕು. ಒಂದರ ಪಕ್ಕದಲ್ಲೊಂದಿದ್ದ ತುಂಡುಗಳಿಗೆ ಸಾಲುಸಂಖ್ಯೆ ಕೊಟ್ಟು, ಇದ್ದಂತೆಯೇ ಅವುಗಳ ಚಿತ್ರವನ್ನು ಪುಸ್ತಕದಲ್ಲಿ ಇಳಿಸಬೇಕು. ಹೀಗೆ ಮಾಡದೆ ತಂದ ತುಂಡು ಎಷ್ಟು ಸುಂದರವಾಗಿದ್ದರೂ ಮೂಕವೇ. ನದಿಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲಿನ ಗತಿಯೂ ಅಷ್ಟೆ: ಗೆರೆಗಳೆಲ್ಲ ಸ್ಪಷ್ಟವಾಗಿದ್ದರೂ ಯಾವ ವಸತಿಯ ಯಾವ ಭಾಗವೆಂದು ಅದನ್ನು ಕೇಳುವಂತಿಲ್ಲ. ಸಂರಕ್ಷಿತವಾದ ಎಡೆಗಳಲ್ಲಿಯಂತೂ ಸುತ್ತಿಗೆಯನ್ನು ಚೀಲದಿಂದ ತೆಗೆಯಲೇಬಾರದು. ಇಷ್ಟು ಕೋಟಿ ವರ್ಷ ಉಳಿದುಬಂದದ್ದನ್ನು ಕಪಾಟಿನ ಅಲಂಕಾರಕ್ಕಾಗಿ ಒಡೆಯುವುದು ಅಪರಾಧವೆಂದೇ ನನ್ನ ಎಣಿಕೆ.

ತುಂಡುಗಳನ್ನು ಜೋಡಿಸುವ ಕೆಲಸ ಇದಕ್ಕಿಂತಲೂ ತಾಳ್ಮೆಯದು. ಶಿಡ್ಲಘಟ್ಟದ ರೀಲರು ಬಿಸಿನೀರಿನಲ್ಲಿ ಗೂಡನ್ನು ಬೇಯಿಸಿ ಎಳೆಯ ತುದಿಯನ್ನು ಹಿಡಿದನೆಂದರೆ ಗೂಡು ತಾನೇ ಬಿಚ್ಚಿಕೊಳ್ಳುತ್ತದೆ. ಕಲ್ಲಿನ ಗೂಡು ಹಾಗೆ ಬಿಚ್ಚಿಕೊಳ್ಳದು, ಅದನ್ನು ಕೊಯ್ಯಲೇಬೇಕು. ಕವಲೊಡೆದು ಕಂಬಗಳಂತೆ ಬೆಳೆದ ಒಂದೇ ವಸತಿಯು ಅಡ್ಡಕೊಯ್ತದಲ್ಲಿ ದುಂಡಾಗಿಯೂ, ಓರೆಕೊಯ್ತದಲ್ಲಿ ಮೊಟ್ಟೆಯಾಕಾರವಾಗಿಯೂ, ನೇರಕೊಯ್ತದಲ್ಲಿ ಕಮಾನುಗಳ ಸಾಲಾಗಿಯೂ ಕಾಣುವುದರಿಂದ, ಒಂದೇ ಮುಖವನ್ನು ನೋಡಿ ತೀರ್ಮಾನಿಸಿದವನು ಒಂದನ್ನು ಮೂರೆಂದು ಎಣಿಸುವುದುಂಟು. ಆದುದರಿಂದ ವಜ್ರದ ಹುಡಿಯಿರುವ ಗರಗಸದಿಂದ ಕಲ್ಲನ್ನು ಸಮಾಂತರವಾದ ತೆಳುಬಿಲ್ಲೆಗಳಾಗಿ ಕೊಯ್ದು, ಪ್ರತಿ ಬಿಲ್ಲೆಯನ್ನೂ ಉಜ್ಜಿ ನುಣ್ಣಗೆ ಮಾಡಿ, ತೆಳುವಾದ ಆಮ್ಲವನ್ನು ಸವರಿ ಗೆರೆಗಳು ಎದ್ದು ಕಾಣುವಂತೆ ಮಾಡುತ್ತಾರೆ. ಆಮೇಲೆ ಪಾರದರ್ಶಕವಾದ ಕಾಗದವನ್ನಿಟ್ಟು ಒಂದೊಂದರ ಅಂಚನ್ನೂ ಬರೆದುಕೊಂಡು, ಆ ಹಾಳೆಗಳನ್ನು ಬಿಲ್ಲೆಗಳ ಕ್ರಮದಲ್ಲಿಯೇ ಒಂದರ ಮೇಲೊಂದು ಇಡುತ್ತಾರೆ. ರಷ್ಯದ ಕ್ರಿಲೋವನೇ ಮೊದಲಾದವರು ಈ ವಿಧಾನವನ್ನು ಬೆಳಸಿದರು. ಇಂದು ಹಾಳೆಗಳ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿದ್ದರೂ ಕೊಯ್ತದ ಶ್ರಮ ಹಾಗೆಯೇ ಇದೆ.

ಮೇಲಿನಿಂದ ಕೆಳಕ್ಕೆ ಹಾಳೆಗಳನ್ನು ತಿರುವುತ್ತ ಬಂದಾಗ ಎರಡು ವರ್ತುಲಗಳು ಬಹಳ ಹೊತ್ತು ಬೇರೆ ಬೇರೆಯಾಗಿಯೇ ಇರುತ್ತವೆ. ಅವುಗಳ ನಡುವಣ ಸಂದಿಯಲ್ಲಿ ತೆರೆಯು ತಂದು ತುಂಬಿದ ಮರಳೂ ಒಡೆದ ಚಕ್ಕೆಗಳೂ ಕಾಣುತ್ತವೆ. ಕೆಳಗಿಳಿದಂತೆಲ್ಲ ಸಂದಿ ಕಿರಿದಾಗುತ್ತದೆ, ಮುಂದಿನ ಹಾಳೆಯಲ್ಲಿ ಅಂಚಿಗೆ ಅಂಚು ತಗುಲುತ್ತದೆ, ಅದರ ಮುಂದಿನದರಲ್ಲಿ ಎರಡೂ ಸೇರಿ ನಡುಸಣ್ಣನೆಯ ಒಂದೇ ಆಕಾರವಾಗುತ್ತವೆ. ಕಡಲ ತಳದ ಆ ಒಂದು ಕಂಬವು ಇಬ್ಭಾಗವಾಗಿ ಕವಲೊಡೆದ ಎಡೆ ಇದೇ.