ಲಸಿಕೆಯಿಂದ ಉಬ್ಬಸ ಬರುವುದೇ?

ಕೋಲ್ಕತ್ತದ ಬೆಹಾಲಾದಂತಹ ಜನನಿಬಿಡ ಪ್ರದೇಶಗಳಲ್ಲಿ ವಾಹನಗಳ ಹೊಗೆ, ಧೂಳು ಹಾಗೂ ತೇವದ ಗೋಡೆಗಳ ಬೂಷ್ಟು ಮಕ್ಕಳ ಉಬ್ಬಸವನ್ನು ಕೆರಳಿಸುತ್ತವೆ. ಲಸಿಕೆ ಪಡೆಯುವ ಎಳೆಯ ವಯಸ್ಸಿನಲ್ಲಿಯೇ ಉಬ್ಬಸದ ಲಕ್ಷಣಗಳು ಅನೇಕ ಮಕ್ಕಳಲ್ಲಿ ಮೊದಲು ತೋರುವುದರಿಂದ, ಲಸಿಕೆಯೇ ಕಾರಣವೆಂಬ ಶಂಕೆ ತಂದೆತಾಯಿಯರಲ್ಲಿ ಮೂಡುವುದು ಸಹಜ. ಆದರೆ ಒಂದರ ಬಳಿಕ ಇನ್ನೊಂದು ಕಂಡ ಮಾತ್ರಕ್ಕೆ ಮೊದಲನೆಯದು ಕಾರಣವೆನಿಸದು. ಡೆನ್ಮಾರ್ಕಿನಲ್ಲಿ 1997ರಿಂದ 2018ರವರೆಗೆ ಜನಿಸಿದ 12 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕುರಿತು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆಗಳ ಮೂಲಕ ದೇಹ ಸೇರುವ ಅಲ್ಯೂಮಿನಿಯಂ ಪ್ರಮಾಣ ಹೆಚ್ಚಿದಂತೆ ಉಬ್ಬಸವಾಗಲಿ ಅಲರ್ಜಿಯಾಗಲಿ ಹೆಚ್ಚಿದ್ದು ಕಂಡುಬರಲಿಲ್ಲ.

ಲಸಿಕೆಯ ಘಟಕಗಳಿಗೇ ತೀವ್ರ ಅಲರ್ಜಿಯಾಗುವುದು ಅತಿ ವಿರಳ; ಅಂತಹ ಸಂದರ್ಭದಲ್ಲಿ ಕೂಡಲೇ ಚಿಕಿತ್ಸೆ ದೊರೆಯಲೆಂದೇ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಕಾಯಬೇಕು. ದಡಾರ, ನಾಯಿಕೆಮ್ಮುಗಳು ಶ್ವಾಸಕೋಶಕ್ಕೆ ಅಪಾಯಕಾರಿ. ಆದುದರಿಂದ ಉಬ್ಬಸವಿರುವ ಮಗುವಿಗೂ, ವೈದ್ಯರ ಸಲಹೆಯೊಂದಿಗೆ, ಸಕಾಲದಲ್ಲಿ ಲಸಿಕೆ ಹಾಕಿಸುವುದು ಅವಶ್ಯಕ.