ಯಂತ್ರ ಜಾಣವಾದರೆ ಮನೆಗೆಲಸ ಹಗುರವಾದೀತೆ?

ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಉತ್ಖನನ ನಡೆಸಿದ ಡಾ. ಎಂ. ಎಸ್. ನಾಗರಾಜರಾವ್ ಅವರು ನವಶಿಲಾಯುಗದ ಜನರ ದುಂಡು ಗುಡಿಸಲುಗಳ ನೆಲೆಗಳನ್ನೂ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನೂ ಬೆಳಕಿಗೆ ತಂದರು. ಉಪಕರಣದಿಂದ ದೇಹಶ್ರಮವನ್ನು ಹಗುರಗೊಳಿಸಿಕೊಳ್ಳಬೇಕೆಂಬ ಮಾನವನ ಹಂಬಲ ಅಷ್ಟು ಪ್ರಾಚೀನವಾದುದು. ಆ ಹಂಬಲದ ಇತ್ತೀಚಿನ ರೂಪವೇ ‘ಸ್ಮಾರ್ಟ್ ಹೋಮ್’. ದೀಪ, ಫ್ಯಾನು, ಬಾಗಿಲ ಬೀಗ, ಕ್ಯಾಮೆರಾಗಳು ಅಂತರ್ಜಾಲದ ಮೂಲಕ ಮೊಬೈಲಿಗೆ ಅಧೀನವಾಗಿ, ಬಾಯಿಮಾತಿನ ಅಪ್ಪಣೆಯನ್ನೂ ಪಾಲಿಸುತ್ತವೆ. ಇವುಗಳಿಂದ ನಿತ್ಯಜೀವನ ನಿಜವಾಗಿಯೂ ಸುಗಮವಾಗುವುದೆ? ಸದ್ಗೃಹಸ್ಥರು ಕೊಳ್ಳುವ ಮುನ್ನ ವಿಚಾರಿಸಬೇಕಾದ ಸಂಗತಿಯಿದು.

ಮೊದಲು ಗುಣವನ್ನೇ ಹೇಳೋಣ. ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ಗಂಟೆಗಳ ಕಾಲ, ಅನೇಕ ವೇಳೆ ರಾತ್ರಿಯಲ್ಲಿ ದೊರೆಯುತ್ತದೆ. ಹಿಂದೆ ರೈತನು ಹಾವು ಚೇಳುಗಳ ಭಯದಲ್ಲಿ, ಕೈಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯಬೇಕಿತ್ತು. ಸಿಮ್ ಕಾರ್ಡು ಅಳವಡಿಸಿದ ಮೊಬೈಲ್ ಸ್ಟಾರ್ಟರು ಬಂದ ಮೇಲೆ ಮನೆಯಿಂದಲೇ ಮೋಟಾರು ಚಾಲೂ ಮಾಡಬಹುದು. ಕರೆಂಟು ಇದೆಯೋ ಇಲ್ಲವೋ ಎಂಬುದನ್ನೂ ತಿಳಿಯಬಹುದು. ಹಾಸಿಗೆ ಹಿಡಿದ ವೃದ್ಧರು ಮಾತಿನಿಂದಲೇ ದೀಪ ಬೆಳಗಿಸಿಕೊಳ್ಳುವುದೂ ಇಂತಹುದೇ ಉಪಕಾರ. ಇಲ್ಲಿ ಯಂತ್ರವು ನಿಜವಾದ ಕಷ್ಟವನ್ನು ನೀಗಿಸಿದೆ. ಆದರೆ ಕೈಗೆಟಕುವ ಗುಂಡಿಯನ್ನು ಒತ್ತುವುದು ಯಾರಿಗೆ ಕಷ್ಟವಾಗಿತ್ತು?

ಇನ್ನೊಂದು ಪ್ರಶ್ನೆ: ಹಗುರವಾದುದು ಯಾರ ಹೊರೆ? ಅಮೆರಿಕದ ಇತಿಹಾಸಜ್ಞೆ ರೂತ್ ಶ್ವಾರ್ಟ್ಜ್ ಕೋವನ್ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಪರಿಶೀಲಿಸಿದ್ದಾರೆ. ಹೊಸ ಒಲೆ, ಒಗೆಯುವ ಯಂತ್ರಗಳು ಬಂದು ಮೈನೋವು ತಗ್ಗಿತು. ಗೃಹಿಣಿಯ ದುಡಿಮೆಯ ಗಂಟೆಗಳು ಮಾತ್ರ ತಗ್ಗಲಿಲ್ಲ. ಸೌದೆ ಒಡೆಯುವಂತಹ ಗಂಡಸರ ಪಾಲಿನ ಕೆಲಸ ಇಲ್ಲವಾಯಿತು. ಸ್ವಚ್ಛತೆಯ ನಿರೀಕ್ಷೆ ಏರಿ, ಒಗೆಯಬೇಕಾದ ಬಟ್ಟೆಯ ರಾಶಿ ಬೆಳೆಯಿತು. ಇಂದಿನ ಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ದೀಪವನ್ನು ಮೊಬೈಲಿನಿಂದ ಆರಿಸಬಹುದು. ರೊಟ್ಟಿ ತಟ್ಟುವ, ಪಾತ್ರೆ ಬೆಳಗುವ, ಮಗುವನ್ನು ಮಲಗಿಸುವ ಕೆಲಸ ತಾಯಿಗೇ ಉಳಿಯುತ್ತದೆ. ಜೊತೆಗೆ ಗುಪ್ತಪದ ನೆನಪಿಡುವ, ಕೆಟ್ಟ ಸಂಪರ್ಕ ಸರಿಪಡಿಸುವ ಹೊಸ ಕೆಲಸವೂ ಸೇರುತ್ತದೆ.

ಪರಾವಲಂಬನೆಯನ್ನೂ ಮರೆಯಲಾಗದು. ‘ರಿವಾಲ್ವ್’ ಎಂಬ ಗೃಹನಿಯಂತ್ರಣ ಪೆಟ್ಟಿಗೆಯನ್ನು ಅಮೆರಿಕದ ಜನ ಸುಮಾರು 300 ಡಾಲರ್ ತೆತ್ತು ಕೊಂಡಿದ್ದರು. ಆ ಉದ್ಯಮವನ್ನು 2014ರಲ್ಲಿ ಖರೀದಿಸಿದ ನೆಸ್ಟ್ ಕಂಪನಿಯು 2016ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿತು. ಕೆಡದಿದ್ದ ಪೆಟ್ಟಿಗೆಗಳೂ ನಿರುಪಯುಕ್ತವಾದವು. ವಿದ್ಯುತ್ತಿನ ಲೆಕ್ಕವೂ ಉಂಟು. ಅಪ್ಪಣೆಗಾಗಿ ಸದಾ ಎಚ್ಚರವಿರುವ ಹತ್ತು ಉಪಕರಣಗಳು ತಲಾ 2 ವ್ಯಾಟ್ ಬಳಸಿದರೂ ತಿಂಗಳಿಗೆ 14 ಯೂನಿಟ್ಟಿಗೂ ಮಿಗಿಲಾಗುತ್ತದೆ.

ಆದುದರಿಂದ ಯಂತ್ರದ್ವೇಷ ಬೇಡ, ವ್ಯಾಮೋಹವೂ ಬೇಡ. ಕೊಳ್ಳುವಾಗ ಅಂತರ್ಜಾಲವಿಲ್ಲದೆಯೂ ನಡೆಯುವುದೇ ಎಂದು ಕೇಳಿರಿ. ಗೋಡೆಯ ಗುಂಡಿಯನ್ನೂ ಬೀಗದ ಕೈಯನ್ನೂ ಉಳಿಸಿಕೊಳ್ಳಿರಿ. ಕ್ಯಾಮೆರಾ ಹೊಸ್ತಿಲಿನಾಚೆಗೇ ಇರಲಿ. ನಗರದಲ್ಲಿರುವ ಮಗನು ಊರಿನ ಮನೆಗೆ ಇಂತಹ ಉಪಕರಣ ತಂದರೆ, ಮರಳಿ ಹೋಗುವ ಮುನ್ನ ತಾಯಿಯ ಕೈಯಿಂದಲೇ ಅದನ್ನು ನಡೆಸಿ ನೋಡಲಿ. ಆಕೆಗೆ ಅದು ಒಗ್ಗದಿದ್ದರೆ ಆ ಮನೆಗೆ ಅದರ ಅಗತ್ಯವಿಲ್ಲವೆಂದೇ ತಿಳಿಯಬೇಕು.