ಬೆಕ್ಕನ್ನು ಬೇರೆ ಮನೆಗೆ ಕೊಡಬೇಕೆ?

ಬತ್ತದ ಕಣಜವಿರುವ ಮನೆಗೆ ಬೆಕ್ಕು ಬೇಕೆಂಬುದನ್ನು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ನಮಗೆ ಪರಿಚಿತವಾದ ಒಂದು ಕುಟುಂಬದ ಬೆಕ್ಕು ಹಗಲು ಕಣಜವನ್ನು ಕಾಯುತ್ತ, ರಾತ್ರಿ ಏಳು ವರ್ಷದ ಹುಡುಗನ ಹಾಸಿಗೆಯಲ್ಲಿ ಮಲಗುತ್ತಿದ್ದಿತು. ಹುಡುಗನಿಗೆ ಸೀನು, ಕಣ್ಣುತುರಿಕೆ, ಅರ್ಧರಾತ್ರಿಯ ಉಬ್ಬಸ ಆರಂಭವಾದಾಗ ಮನೆಯವರಿಗೆ ಬೆಕ್ಕಿನ ಮೇಲೆ ಸಂದೇಹ ಹುಟ್ಟಿತು. ಅದನ್ನು ಹೊಳೆನರಸೀಪುರದ ಕಡೆಯಲ್ಲಿದ್ದ ಸೋದರಮಾವನ ಮನೆಗೆ ಕಳುಹಿಸಿದರು. ಹದಿನೈದು ದಿನಗಳು ಕಳೆದರೂ ಉಬ್ಬಸ ತಗ್ಗಲಿಲ್ಲ. ಬೆಕ್ಕು ನಿರಪರಾಧಿಯೆಂದು ತೀರ್ಮಾನಿಸಿ ಅದನ್ನು ಮರಳಿ ತಂದರು. ಈ ತೀರ್ಮಾನ ಸರಿಯೆ?

ಬೆಕ್ಕಿನ ಕೂದಲೇ ಉಬ್ಬಸಕ್ಕೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ವಸ್ತುತಃ ದೋಷವಿರುವುದು ಅದರ ಎಂಜಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ 'ಫೆಲ್ ಡಿ ೧' ಎಂಬ ಪ್ರೋಟೀನಿನಲ್ಲಿ. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಇದು ರೋಮಕ್ಕೆ ಅಂಟಿ, ಒಣಗಿ, ಸೂಕ್ಷ್ಮವಾದ ಹೊಟ್ಟಿನೊಡನೆ ಉದುರುತ್ತದೆ. ಬಹುಮಂದಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಕೆಲವರ ದೇಹ ಮಾತ್ರ ಇದನ್ನು ಶತ್ರುವೆಂದು ಬಗೆದು ಹೋರಾಟಕ್ಕೆ ತೊಡಗುತ್ತದೆ. ಇಂತಹ ಪ್ರತಿಕ್ರಿಯೆಗೆ 'ಅಲರ್ಜಿ' ಎಂಬ ಹೆಸರನ್ನು ೧೯೦೬ರಲ್ಲಿ ವಿಯೆನ್ನಾ ನಗರದ ವೈದ್ಯ ಪಿರ್ಕೆ ಇತ್ತನು.

ಇನ್ನು ಈ ಹೊಟ್ಟು ನೆಲಕ್ಕೆ ಇಳಿಯುವ ಬಗೆಯನ್ನು ನೋಡೋಣ. ಧೂಳಿನ ಕಣ ಕಲ್ಲಿನಂತೆ ಬೀಳಲಾರದು. ಗಾಳಿಯ ಸ್ನಿಗ್ಧತೆ ಅದನ್ನು ತಡೆಯುತ್ತದೆ. ಸ್ಟೋಕ್ಸನ ನಿಯಮದಂತೆ ಸಣ್ಣ ಕಣ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎಂದರೆ, ವ್ಯಾಸ ಅರ್ಧವಾದರೆ ವೇಗ ಕಾಲುಭಾಗವಾಗುತ್ತದೆ. ನೀರಿನಷ್ಟೇ ಸಾಂದ್ರತೆಯುಳ್ಳ, ೨೦ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ೨೦ ಪಾಲು) ವ್ಯಾಸದ ಕಣ ನಿಶ್ಚಲವಾದ ಗಾಳಿಯಲ್ಲಿ ಎರಡು ಮೀಟರು ಇಳಿಯಲು ಮೂರು ನಿಮಿಷ ಸಾಕು. ೨.೫ ಮೈಕ್ರಾನಿನ ಕಣಕ್ಕಾದರೋ ಸುಮಾರು ಮೂರು ಗಂಟೆ ಬೇಕು. ಗಾಳಿಯಲ್ಲಿರುವ ಬೆಕ್ಕಿನ ಪ್ರೋಟೀನಿನ ಗಣನೀಯವಾದ ಭಾಗ ಇಂತಹ ಸಣ್ಣ ಕಣಗಳಲ್ಲಿಯೇ ಇರುತ್ತದೆ. ಅವು ನೆಲ ಮುಟ್ಟುವುದರೊಳಗಾಗಿ ಯಾರೋ ಕಸ ಗುಡಿಸುತ್ತಾರೆ, ಕಂಬಳಿ ಕೊಡವುತ್ತಾರೆ. ಕಣಗಳು ಮತ್ತೆ ಮೇಲೇಳುತ್ತವೆ.

ಆದುದರಿಂದ ಬೆಕ್ಕು ಹೊರಟುಹೋದರೂ ಅದರ ಪ್ರೋಟೀನು ಮನೆಯಲ್ಲಿಯೇ ಉಳಿದಿರುತ್ತದೆ. ೧೯೮೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬೆಕ್ಕನ್ನು ಕಳುಹಿಸಿಬಿಟ್ಟ ಅನೇಕ ಮನೆಗಳ ಧೂಳು ಬೆಕ್ಕಿಲ್ಲದ ಮನೆಗಳ ಮಟ್ಟಕ್ಕೆ ಬರಲು ೨೦ರಿಂದ ೨೪ ವಾರಗಳು ಹಿಡಿದವು. ಹೀಗಿರುವಾಗ ಹದಿನೈದು ದಿನಗಳ ಪ್ರಯೋಗ ಏನನ್ನೂ ಸಿದ್ಧಪಡಿಸದು.

ಇಷ್ಟರಿಂದಲೇ ಬೆಕ್ಕು ಅಪರಾಧಿಯೆಂದೂ ಹೇಳಲಾಗದು. ಹಾಸಿಗೆಯ ಧೂಳುನುಸಿ, ಜಿರಳೆ, ಮಳೆಗಾಲದ ಬೂಷ್ಟು, ಒಲೆಯ ಹೊಗೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಹೊಗೆ, ಇವುಗಳಲ್ಲಿ ಯಾವುದಾದರೂ ಉಬ್ಬಸವನ್ನು ಕೆರಳಿಸಬಲ್ಲದು. ವೈದ್ಯರು ಚರ್ಮದ ಅಥವಾ ರಕ್ತದ ಪರೀಕ್ಷೆಯಿಂದ ಮೂಲವನ್ನು ಕಂಡುಕೊಳ್ಳಬಹುದು. ತೀರ್ಪಿಗೆ ಮುಂಚೆ ಪರೀಕ್ಷೆ ನಡೆಯಬೇಕು. ಬಾಧೆ ಸೀನಿನಷ್ಟಕ್ಕೇ ನಿಂತಿದ್ದರೆ ಬೆಕ್ಕನ್ನು ಮಲಗುವ ಕೋಣೆಯಿಂದ ಹೊರಗಿಟ್ಟು, ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಬಹುದು. ಬೆಕ್ಕಿನಿಂದಲೇ ಉಬ್ಬಸವೆಂದು ಖಚಿತವಾದರೆ ಇಂತಹ ಅರೆಕ್ರಮ ಸಾಲದು. ಬೆಕ್ಕಿಗೆ ಬೇರೆ ಮನೆ ನೋಡುವುದೇ ಲೇಸು.

ಆದರೆ ಬೇರೆ ಮನೆಗೆ ಕೊಡುವುದು ಬೇರೆ, ಗೋಣಿಚೀಲದಲ್ಲಿ ತುಂಬಿ ಹೊಳೆಯಾಚೆ ಬಿಟ್ಟುಬರುವುದು ಬೇರೆ. ಹೆರಿಕ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞನು ೧೯೨೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರಿಗಳಿದ್ದ ಬೆಕ್ಕೊಂದು ಕೆಲವು ಮೈಲಿಗಳ ದೂರದಿಂದಲೂ ಮನೆಗೆ ಮರಳಿತು. ಮರಳಲಾರದ ಬೆಕ್ಕಿಗೆ ಹಸಿವೇ ಗತಿ. ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಗುರಿಯಾಗುವಂತೆ ಸಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಬೆಕ್ಕಿಗೆ ಮನೆಯ ಮೇಲಲ್ಲದೆ ಮನುಷ್ಯರ ಮೇಲೆ ಮಮತೆಯಿಲ್ಲವೆಂಬ ಮಾತನ್ನೂ ತಿದ್ದಿಕೊಳ್ಳಬೇಕಾಗಿದೆ: ೨೦೧೯ರಲ್ಲಿ ಅಮೆರಿಕದ ಆರೆಗನ್ನಿನಲ್ಲಿ ಪರೀಕ್ಷಿಸಿದ ಮರಿಗಳಲ್ಲಿ ನೂರಕ್ಕೆ ಸುಮಾರು ೬೪ ತಮ್ಮ ಪಾಲಕರನ್ನು ಆಸರೆಯೆಂದು ನಂಬಿದ್ದುವು. ಆದಕಾರಣ ಹೊಸ ಮನೆಯಲ್ಲಿ ಬೆಕ್ಕನ್ನು ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ, ಅದರ ವಾಸನೆಯುಳ್ಳ ಹಳೆಯ ಹಾಸಿನೊಡನೆ ಇರಿಸಬೇಕು. ಎರಡು ಮೂರು ವಾರ ಹೊರಗೆ ಬಿಡಬಾರದು.

ಮಲ್ಲಿಪಟ್ಟಣದ ಹುಡುಗನ ರಕ್ತಪರೀಕ್ಷೆ ಬೆಕ್ಕನ್ನೇ ತೋರಿಸಿತು. ಬೆಕ್ಕು ಮತ್ತೆ ಸೋದರಮಾವನ ಮನೆಗೆ ಹೋಯಿತು, ಈ ಸಲ ತಾನು ಮಲಗುತ್ತಿದ್ದ ಗೋಣಿಯೊಡನೆ. ಹುಡುಗನ ಹಾಸಿಗೆಯನ್ನು ಬದಲಾಯಿಸಿ, ಗೋಡೆಗಳನ್ನು ಒರೆಸಿದರು. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಲಿಲ್ಲ. ನಾವು ಹೋಗಿದ್ದಾಗ ಹನ್ನೊಂದನೆಯ ವಾರ ನಡೆಯುತ್ತಿದ್ದಿತು. ಹುಡುಗನು ಉಬ್ಬಸವಿಲ್ಲದ ರಾತ್ರಿಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದನು. ಗುರುತುಗಳು ಹೆಚ್ಚುತ್ತಿದ್ದುವು. ಕಣಜದ ಬಳಿ ಹೊಸ ಇಲಿಬೋನೊಂದಿತ್ತು.